ಒಂದೇ ಬೆಂಚು, ಮೂರು ಬೆಲೆ

ಆಲ್ದೂರಿನ ಸಂತೆಯಲ್ಲಿ ಸಿಕ್ಕ ನೆರೆಯವರು ಕೇಳಿದರು: 'ಮೇಷ್ಟ್ರೇ, ಮಗಳನ್ನು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿಸಲು ಎರಡು ಎಕರೆ ಕಾಫಿ ತೋಟ ಅಡ ಇಡಬೇಕು. ಇಡ್ಲಾ?'

ನನಗೆ 1989ರ ಜೂನ್‌ನ ಸರ್ಕಾರಿ ಅಧಿಸೂಚನೆ ನೆನಪಾಯಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದವಕ್ಕೆ ರಾಜ್ಯದವರಿಂದ 25,000, ಹೊರಗಿನವರಿಂದ 60,000ದವರೆಗೆ. ಮೂವರೂ ಕೂರುವುದು ಒಂದೇ ತರಗತಿಯಲ್ಲಿ, ಕೇಳುವುದು ಒಂದೇ ಪಾಠ. ಹಾಗಾದರೆ ಹೆಚ್ಚಿನ 58,000ಕ್ಕೆ ಸಿಕ್ಕಿದ್ದೇನು? ಬರಿಯ ಸೀಟು. ಮೀರತ್‌ನ ಮೋಹಿನಿ ಜೈನ್ ಇದನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1992ರಲ್ಲಿ ಕೋರ್ಟು ಆ ಹೆಚ್ಚುವರಿ ಹಣವನ್ನು ಕ್ಯಾಪಿಟೇಶನ್ ಎಂದೇ ಕರೆದು ತಳ್ಳಿಹಾಕಿತು. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪು 'ಪೇಮೆಂಟ್ ಸೀಟಿ'ಗೆ ಬಾಗಿಲು ತೆರೆಯಿತು. ಅದು ಬೇರೆ ಕಥೆ.

ಖಾಸಗಿಯಲ್ಲಿ ಏನೂ ಇಲ್ಲ ಎನ್ನಲಾರೆ. ನಾನು ಓದಿದ ಸರ್ಕಾರಿ ಕಾಲೇಜಿನಲ್ಲಿ ಒಂದಿಡೀ ವರ್ಷ ಇಂಗ್ಲಿಷಿಗೆ ಮೇಷ್ಟ್ರೇ ಇರಲಿಲ್ಲ; ಆ ಕೊರತೆ ಇಂದಿಗೂ ನನ್ನ ನಾಲಿಗೆಯಲ್ಲಿದೆ. ಆದರೆ ಬಸ್ ಪಾಸಿನಲ್ಲಿ ಮುಗಿದ ಆ ಓದಿಗೆ ಅಪ್ಪ ಒಂದು ಗಿಡವನ್ನೂ ಅಡ ಇಡಲಿಲ್ಲ.

'ಎರಡೂ ಕಡೆ ಪಾಠ ಮಾಡೋರು ಯಾರು, ಲ್ಯಾಬು ಹೇಗಿದೆ, ಮಗಳನ್ನು ಕರ್ಕೊಂಡು ಹೋಗಿ ನೋಡ್ಕೊಂಡು ಬನ್ನಿ. ಬ್ಯಾಂಕಿನ ಕಾಗದಕ್ಕೆ ಆಮೇಲೆ ಸಹಿ ಹಾಕಿದರಾಯಿತು' ಎಂದೆ.