ಇಗರ್ಜಿಯಂಗಳದ ಕನ್ನಡ ಶಾಲೆ

ಕರಾವಳಿಯ ಕ್ರೈಸ್ತ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಂಗಳೂರು ನಗರದಲ್ಲೇ ನಿಂತುಬಿಡುತ್ತಾರೆ. 1834ರಲ್ಲಿ ಬಂದ ಬಾಸೆಲ್ ಮಿಶನ್, 1870ರಲ್ಲಿ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು, 1878ರ ಕೊನೆಯ ದಿನ ಕಾಲಿರಿಸಿದ ಯೇಸುಸಭೆಯ ಗುರುಗಳು, 1880ರ ಸಂತ ಅಲೋಶಿಯಸ್ ಕಾಲೇಜು ಇವುಗಳಿಗೆಲ್ಲ ಗ್ರಂಥಗಳಿವೆ, ಸ್ಮರಣ ಸಂಚಿಕೆಗಳಿವೆ. ಸಣ್ಣ ಪೇಟೆಯ ಇಗರ್ಜಿಯ ಮಗ್ಗುಲಲ್ಲಿ, ಹೆಂಚಿನ ಮಾಡಿನ ಕೆಳಗೆ ನಡೆದ ಎಲಿಮೆಂಟರಿ ಶಾಲೆಗೆ ಉಳಿದಿರುವುದು ದಾಖಲಾತಿ ರಿಜಿಸ್ಟರು, ಹಾಜರಿ ಪುಸ್ತಕ ಮತ್ತು ಇನ್‌ಸ್ಪೆಕ್ಟರರ ಷರಾ ಪುಸ್ತಕ ಮಾತ್ರ. ಅಂತಹ ಒಂದು ಶಾಲೆಯಲ್ಲಿ ನಾನು ಓದಿದೆ. ಗುರುದೀಕ್ಷೆಯ ನಂತರ ಅಂತಹುದೇ ಇನ್ನೊಂದಕ್ಕೆ ಸಂಚಾಲಕನಾದೆ.

ಈ ಶಾಲೆಗಳು ಬೇರೂರಿದ್ದು ಧರ್ಮಗುರುಗಳ ಉತ್ಸಾಹವೊಂದರಿಂದಲೇ ಅಲ್ಲ. 1854ರಲ್ಲಿ ಚಾರ್ಲ್ಸ್ ವುಡ್ ಅವರ ಶಿಕ್ಷಣ ನಿರೂಪವು ಖಾಸಗಿಯವರು ನಡೆಸುವ ಶಾಲೆಗಳಿಗೂ ಸರಕಾರದ ಧನಸಹಾಯವನ್ನು ವಿಧಿಸಿತು. ಲೌಕಿಕ ಶಿಕ್ಷಣ ಚೆನ್ನಾಗಿರಬೇಕು, ತನಿಖೆಗೆ ಒಪ್ಪಬೇಕು, ಮಕ್ಕಳಿಂದ ಅತ್ಯಲ್ಪವಾದರೂ ಶುಲ್ಕ ಪಡೆಯಬೇಕು. ಧರ್ಮಬೋಧನೆಯ ವಿಷಯದಲ್ಲಿ ತನಿಖಾಧಿಕಾರಿ ತಲೆಹಾಕುವುದಿಲ್ಲ. ಆಗ ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ರವರೆಗೂ ಆ ಸರಕಾರದ ಕೈಕೆಳಗೇ ಇತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸಿನವರು ಒಂದು ವಿಚಿತ್ರ ಪದ್ಧತಿಯನ್ನೂ ಜಾರಿಗೆ ತಂದರು: ಎಷ್ಟು ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ಇನ್‌ಸ್ಪೆಕ್ಟರರ ಮುಂದೆ ತೇರ್ಗಡೆಯಾದರೋ ಅಷ್ಟಕ್ಕೆ ತಕ್ಕ ಹಣ. ಎದುರಿಗೆ ನಿಂತ ಮಗು ಗುಣಾಕಾರದಲ್ಲಿ ತಡವರಿಸಿದರೆ ಶಾಲೆಯ ವರಮಾನವೇ ಕುಗ್ಗುವ ಕಾಲ ಅದು! ಮಾಸ್ಟರರ ಬೆತ್ತಕ್ಕೆ ಅಷ್ಟು ಖ್ಯಾತಿ ಬಂದುದರಲ್ಲಿ ಈ ಪದ್ಧತಿಯ ಪಾಲೂ ಇರಬಹುದೆಂದು ನನಗನ್ನಿಸುತ್ತದೆ.

ಧನಸಹಾಯಕ್ಕೆ ಮಕ್ಕಳ ಸಂಖ್ಯೆ ಬೇಕು. ಸಣ್ಣ ಪೇಟೆಯ ಕಥೊಲಿಕ ಮನೆಗಳ ಮಕ್ಕಳಷ್ಟೇ ಬಂದರೆ ಬೆಂಚು ತುಂಬುತ್ತಿರಲಿಲ್ಲ. ಆದ್ದರಿಂದ ಬಾಗಿಲು ತೆರೆದೇ ಇರಬೇಕಾಯಿತು. ಇದನ್ನು ನಮ್ಮ ಔದಾರ್ಯವೆಂದು ಮಾತ್ರ ಹಾಡಿಹೊಗಳುವುದು ಸರಿಯಲ್ಲ. ನಮಗೂ ಆ ಮಕ್ಕಳು ಬೇಕಾಗಿದ್ದರು.

ನನ್ನ ತರಗತಿಯಲ್ಲಿ ಮನೆಯೊಳಗೆ ಕನ್ನಡವಾಡುವವರು ವಿರಳ. ನಮ್ಮದು ಕೊಂಕಣಿ, ಪಕ್ಕದವನದು ತುಳು, ಹಿಂದಿನ ಬೆಂಚಿನವನದು ಬ್ಯಾರಿ. ಕನ್ನಡ ಯಾರೊಬ್ಬರ ಮನೆಯದೂ ಅಲ್ಲವಾದ್ದರಿಂದಲೇ ಎಲ್ಲರದೂ ಆಯಿತು. ಇಗರ್ಜಿಯಲ್ಲಿ ಹೇಳುವ ಕೊಂಕಣಿ ಪ್ರಾರ್ಥನೆಗಳನ್ನೂ ನಾವು ಓದಿದ್ದು ಕನ್ನಡ ಲಿಪಿಯಲ್ಲಿಯೇ. 1938ರಲ್ಲಿ ಆರಂಭವಾದ ‘ರಾಕ್ಣೊ’ ಕೊಂಕಣಿ ವಾರಪತ್ರಿಕೆ ಮನೆಮನೆಗೆ ತಲುಪಿದ್ದರ ಹಿಂದೆ ಈ ಶಾಲೆಗಳ ಸ್ಲೇಟು ಬಳಪಗಳ ಋಣವಿದೆ. ಧರ್ಮೋಪದೇಶದ ಹೊತ್ತಿಗೆ ಇತರ ಮಕ್ಕಳು ನೀತಿಪಾಠಕ್ಕೆಂದು ಜಗಲಿಗೆ ಹೋಗುತ್ತಿದ್ದರು. ಅನುದಾನಿತ ಶಾಲೆಯಲ್ಲಿ ಯಾರನ್ನೂ ಅವರ ಅಥವಾ ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಸೆಮಿನರಿಯಲ್ಲಿ. ಮಧ್ಯಾಹ್ನ ಕೇರ್ ಸಂಸ್ಥೆಯ ಗೋಧಿಯ ಸಜ್ಜಿಗೆಗೆ ಮಾತ್ರ ಒಂದೇ ಸಾಲು.

ಇನ್ನು ನನ್ನ ಸಂಚಾಲಕತ್ವದ ಮಾತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ರಾಜ್ಯ ಸರಕಾರ 1994ರಲ್ಲಿ ಆಜ್ಞೆ ಹೊರಡಿಸಿತ್ತು. ಅನುದಾನರಹಿತ ಶಾಲೆಗಳ ಮಟ್ಟಿಗೆ ಅದನ್ನು 2008ರಲ್ಲಿ ಹೈಕೋರ್ಟು ತಳ್ಳಿಹಾಕಿತು. 2014ರಲ್ಲಿ ಸುಪ್ರೀಂ ಕೋರ್ಟೂ ಸರಕಾರ ಮಾಧ್ಯಮವನ್ನು ಹೇರಲಾಗದೆಂದಿತು. ಹೈಕೋರ್ಟಿನ ತೀರ್ಪಿನ ಮರುವರ್ಷವೇ ಪಾಲನಾ ಮಂಡಳಿಯಲ್ಲಿ ಬೇಡಿಕೆ ಬಂತು: ನಮ್ಮ ಮಕ್ಕಳು ಬಸ್ಸು ಹತ್ತಿ ಬೇರೆಯವರ ಶಾಲೆಗೆ ಹೋಗುತ್ತಿದ್ದಾರೆ, ನಮ್ಮಂಗಳದಲ್ಲೇ ಆಂಗ್ಲ ಮಾಧ್ಯಮ ಏಕಿರಬಾರದು? ಬೇಡಿಕೆ ನ್ಯಾಯವಾಗಿಯೇ ಇತ್ತು. ಒಪ್ಪಿದೆ, ಹೊಸ ಕಟ್ಟಡಕ್ಕೆ ಸಾಲವೆತ್ತಿದೆ, ಆಶೀರ್ವದಿಸಿದವನೂ ನಾನೇ. ಕನ್ನಡ ಶಾಲೆ ಬಡವರ ಮಕ್ಕಳಿಗಾಗಿ ಉಳಿಯುತ್ತದೆ ಎಂದು ಅಂದು ಪ್ರವಚನದಲ್ಲಿ ಹೇಳಿದ ನೆನಪು.

ಬಡವರೂ ಉಳಿಯಲಿಲ್ಲ. ಬೀಡಿ ಕಟ್ಟುವ ತಾಯಿಯೊಬ್ಬರು ಬಂದು, “ಫಾದರ್, ನನ್ನ ಮಗಳಿಗೂ ಆಚೆ ಒಂದು ಸೀಟು ಕೊಡಿ, ಫೀಸು ಕಂತಿನಲ್ಲಿ ಕಟ್ಟುತ್ತೇನೆ” ಎಂದರು. ಈಚೆಯ ಶಾಲೆಯಲ್ಲಿ ಫೀಸಿಲ್ಲ, ಊಟವಿದೆ, ಒಳ್ಳೆಯ ಟೀಚರಿದ್ದಾರೆ ಎಂದೆ. “ಹಾಗಾದರೆ ನಿಮ್ಮ ಇಗರ್ಜಿಯವರ ಮಕ್ಕಳೆಲ್ಲ ಆಚೆ ಯಾಕೆ ಹೋದರು?” ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸೀಟು ಕೊಟ್ಟೆ. ನಿವೃತ್ತರಾದ ಶಿಕ್ಷಕರ ಹುದ್ದೆಗಳು ಭರ್ತಿಯಾಗಲಿಲ್ಲವೆಂಬುದೂ ನಿಜ. ಆದರೆ ಎಲ್ಲ ಹೊಣೆಯನ್ನೂ ಇಲಾಖೆಯ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ.

ವರ್ಗವಾಗಿ ಹೊರಡುವ ಮುನ್ನ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ತೆಗೆದು ನೋಡಿದೆ. ‘ಶಾಲೆ ಬಿಟ್ಟ ಕಾರಣ’ ಎಂಬ ಅಂಕಣದಲ್ಲಿ ಹಳೆಯ ಮಾಸ್ಟರರ ದುಂಡಗಿನ ಅಕ್ಷರ: ‘ದನ ಮೇಯಿಸಲು’, ‘ಮುಂಬಯಿಗೆ ಹೋದುದು’, ‘ಫೀಸು ಬಾಕಿ’, ಒಂದೆರಡು ಕಡೆ ‘ಮರಣ’. ಕೊನೆಯ ಪುಟಗಳಲ್ಲಿ ಸಾಲಾಗಿ ಒಂದೇ ಕಾರಣವಿತ್ತು, ‘ಆಂಗ್ಲ ಮಾಧ್ಯಮ ಶಾಲೆಗೆ’. ಹೋದ ಶಾಲೆಯ ವಿಳಾಸ ಬರೆಯಬೇಕಾದ ಕಡೆ ಮುಖ್ಯೋಪಾಧ್ಯಾಯಿನಿಯವರು ಪ್ರತಿ ಸಾಲಿನಲ್ಲೂ ನಮ್ಮ ಇಗರ್ಜಿಯ ಹೆಸರನ್ನೇ ಬರೆದಿದ್ದರು.