ಕಸೂತಿಯ ಬೆಲೆ

ಕಳೆದ ದೀಪಾವಳಿಗೆ ಟ್ರಂಕು ತೆಗೆದಾಗ ಅವ್ವ ಕಸೂತಿ ಹಾಕಿದ ಇಳಕಲ್ ಸೀರೆ ಕೈಗೆ ಬಂತು. ಸೆರಗಿನ ತುಂಬ ಗೋಪುರ, ತೇರು, ತುಳಸಿಕಟ್ಟೆ, ಸಾಲಾಗಿ ಆನೆಗಳು. ಬಿಡಿಸಿ ನೋಡಿದ ಮಗಳು, "ಅವ್ವಾ, ಅಜ್ಜಿ ಇದನ್ನ ಮಾರಿದ್ರ ಎಷ್ಟು ರೊಕ್ಕ ಬರತಿತ್ತು! ನೀನೂ ಹಾಕತೀಯಲ್ಲ, ಮಾರಬಾರದೇನು?" ಎಂದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಕಸೂತಿ ನಮ್ಮ ಧಾರವಾಡ ಸೀಮೆಯ ಹೆಣ್ಣುಮಕ್ಕಳ ಬಿಡುವಿನ ಕೆಲಸ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ; ಎಳೆ ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿ, ಮುರಗಿ ಹೊಲಿಗೆಗಳಾದರೆ ಎರಡೂ ಮಗ್ಗುಲು ಒಂದೇ ಸಮ ಕಾಣಬೇಕು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಅವ್ವ ಬಾಗಿಲ ಬೆಳಕಿಗೆ ಕೂಡುತ್ತಿದ್ದಳು. ಮಗಳ ಮದುವೆಗೆ ಸೀರೆ, ತಂಗಿಯ ಕೂಸಿಗೆ ಕುಂಚಿಗೆ. ಅಷ್ಟೇ ಅದರ ಪೇಟೆ.

ಇಂಥ ಕೆಲಸ ಪೇಟೆಗೆ ಬಂದರೆ ಏನಾಗುತ್ತದೆ? ಇದಕ್ಕೆ ಬಿಹಾರದ ಮಿಥಿಲೆಯಲ್ಲಿ ಒಂದು ಉತ್ತರವಿದೆ. ಅಲ್ಲಿಯ ಹೆಂಗಸರು ಮದುವೆಯ ಕೋಣೆಯ ಗೋಡೆಗಳ ಮೇಲೆ ಕಮಲ, ಬಿದಿರು, ಮೀನು, ದೇವರನ್ನು ಬರೆಯುತ್ತಿದ್ದರು. 1934ರ ಭೂಕಂಪದಲ್ಲಿ ಮನೆಗಳು ಬಿದ್ದಾಗ ಆ ಚಿತ್ರಗಳು ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಜಿ. ಆರ್ಚರ್ ಅವರ ಕಣ್ಣಿಗೆ ಬಿದ್ದವು. 1949ರಲ್ಲಿ ಅವರು ಲೇಖನ ಬರೆದರು. ಬರೆದ ಕೈಗಳಿಗೆ ಮಾತ್ರ ಕಾಸು ಸಿಗಲಿಲ್ಲ. 1966–67ರಲ್ಲಿ ಭೀಕರ ಬರ ಬಂತು. ಪುಪುಲ್ ಜಯಕರ್ ಅವರು ಕಲಾವಿದ ಭಾಸ್ಕರ ಕುಲಕರ್ಣಿ ಅವರನ್ನು ಅಲ್ಲಿಗೆ ಕಳಿಸಿದರು. ಗೋಡೆಯ ಚಿತ್ರ ಕಾಗದಕ್ಕೆ ಇಳಿಯಿತು, ಒಲೆ ಹೊತ್ತಿತು. ಜಗದಂಬಾ ದೇವಿಯವರಿಗೆ 1975ರಲ್ಲಿ, ಸೀತಾದೇವಿಯವರಿಗೆ 1981ರಲ್ಲಿ, ಗಂಗಾದೇವಿಯವರಿಗೆ 1984ರಲ್ಲಿ ಪದ್ಮಶ್ರೀ ಬಂತು. ಜೊತೆಗೆ ದಲ್ಲಾಳಿಗಳೂ ಬಂದರು. ಅಗ್ಗದ ದರಕ್ಕೆ ಒಂದೇ ತರಹದ ಚಿತ್ರಗಳನ್ನು ಬರೆಸಿಕೊಳ್ಳತೊಡಗಿದರು. ಆದರೆ ಗಂಗಾದೇವಿಯವರು ಕ್ಯಾನ್ಸರ್ ಚಿಕಿತ್ಸೆಗಾಗಿ ದಿಲ್ಲಿಯಲ್ಲಿದ್ದಾಗ, ತಾವು ಅನುಭವಿಸಿದ್ದನ್ನೇ ಚಿತ್ರವಾಗಿಸಿದರು. ಅವರ ಕೈ ಮಾರಾಟಕ್ಕೆ ಬಂದರೂ ಮನಸ್ಸು ಮಾರಾಟವಾಗಿರಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದಾಗ ಹಳೆಯದೊಂದು ನೆನಪಾಯಿತು. ನನ್ನ ಬಿ.ಎಡ್. ಫೀ ತುಂಬುವ ವರ್ಷ ಮನೆಯಲ್ಲಿ ರೊಕ್ಕವಿರಲಿಲ್ಲ. ಅವ್ವ ಎರಡು ಕಸೂತಿ ಸೀರೆ ಮಡಚಿ, "ಮಾರಿದ್ರಾತು" ಎಂದಿದ್ದಳು. ಹಿರಿಯರು, "ಸೂಜಿ ಕೆಲಸ ಮಾರಿ ಉಣ್ಣೂ ಮನಿ ಅಲ್ಲ ನಮ್ದು" ಎಂದು ಬಾಯಿ ಮುಚ್ಚಿಸಿದರು. ಅವಳ ಬಳೆ ಮಾರಿದರು. ಬಳೆ ಮಾರಿದರೆ ಹೋಗದ ಮರ್ಯಾದೆ ಸೀರೆ ಮಾರಿದರೆ ಹೇಗೆ ಹೋಗುತ್ತಿತ್ತೋ, ನೀವೇ ಹೇಳಿ. ಅವ್ವ ಸಂತೋಷಕ್ಕಾಗಿ ಹಾಕುತ್ತಿದ್ದಳೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮಾರುವ ಮನಸ್ಸು ಮಾಡಿದ ದಿನ ಅವಳನ್ನು ಯಾರೂ ಕೇಳಲಿಲ್ಲ.

ಹವ್ಯಾಸದಿಂದ ದುಡಿಯಲೇಬೇಕು ಎನ್ನುವುದೂ ಜುಲುಮೆಯೇ, ದುಡಿಯಬಾರದು ಎನ್ನುವುದೂ ಜುಲುಮೆಯೇ. ಸೂಜಿ ಹಿಡಿದವಳೇ ಅದನ್ನು ನಿರ್ಧರಿಸಬೇಕು. ನನಗೆ ತಿಂಗಳ ಪಗಾರವಿದೆ. ಮಾರದೆ ಇರುವ ಸುಖ ನನಗೆ ಸಿಕ್ಕಿದ್ದು ಆ ಬಳೆಗಳಿಂದ.

"ನಂದು ಮಾರೂದಿಲ್ಲವ್ವಾ," ಎಂದೆ ಮಗಳಿಗೆ. "ಆದ್ರ ಮಾರೂ ಹೆಣ್ಣುಮಗಳ ಹತ್ರ ನೀ ಚೌಕಾಶಿ ಮಾಡಬ್ಯಾಡ."

ಅವಳು ಸೀರೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿಟ್ಟಳು.