ಮೊದಲ ಮುದ್ರಣದ ಗುರುತು

ಮಕ್ಕಳ ಪುಸ್ತಕ ಹಳೆಯದಾಗುವುದೇ ಅಪರೂಪ. ಅದಕ್ಕೂ ಮೊದಲೇ ಹರಿದುಹೋಗಿರುತ್ತದೆ. ಮೊದಲು ಹೋಗುವುದು ರಟ್ಟು, ಆಮೇಲೆ ಶೀರ್ಷಿಕೆಯ ಪುಟ. ಮುದ್ರಣದ ವಿವರವಿರುವುದು ಅದರ ಬೆನ್ನಿಗೇ. ಹೀಗಾಗಿ ಬೀದರಿನ ರದ್ದಿ ಅಂಗಡಿಗಳಲ್ಲಿ ನನಗೆ ಸಿಕ್ಕ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ತಲೆಯೇ ಇಲ್ಲ. ಆ ಪುಟ ಉಳಿದಿದ್ದರೂ ಪೂರ್ತಿ ನಂಬುವಂತಿಲ್ಲ. ಎರಡನೆಯ ಮುದ್ರಣವಾದರೆ ಹೆಮ್ಮೆಯಿಂದ ಹೇಳಿಕೊಳ್ಳುವ ಪ್ರಕಾಶಕರು ಮೊದಲನೆಯದಕ್ಕೆ ಬರೀ ಇಸವಿ ಹಾಕಿ ಸುಮ್ಮನಾದದ್ದುಂಟು.

ಆಗ ಬೆಲೆ ನೋಡಬೇಕು. ಆಣೆಯ ಲೆಕ್ಕವಿದ್ದರೆ 1957ರ ಏಪ್ರಿಲಿಗಿಂತ ಹಿಂದಿನದೆಂದು ಹೆಚ್ಚುಕಡಿಮೆ ನಂಬಬಹುದು. 'ನಯೇ ಪೈಸೆ' ಎಂದಿದ್ದರೆ ಅಲ್ಲಿಂದ 1964ರೊಳಗಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ಈಚಿನದು. ಕೊನೆಯ ಪುಟದ ಪುಸ್ತಕಪಟ್ಟಿಯಂತೂ ಸುಳ್ಳು ಹೇಳದು. ಕಾರಂತರ ಮಕ್ಕಳ ಪುಸ್ತಕದ ಬೆನ್ನಿಗೆ 'ಮೂಕಜ್ಜಿಯ ಕನಸುಗಳು' ಎಂದಿದ್ದರೆ, ಒಳಗೆ ಯಾವ ಇಸವಿಯೇ ಇರಲಿ, ಆ ಪ್ರತಿ 1968ಕ್ಕಿಂತ ಮೊದಲಿನದಾಗಲಾರದು.

ಬಲ್ಲವರೂ ಎಡವುವುದು ಅಮರ ಚಿತ್ರಕಥೆಯಲ್ಲಿ. ಇಂಗ್ಲಿಷ್ ಸರಣಿ ಶುರುವಾಗುವುದು 11ನೆಯ ಸಂಖ್ಯೆಯ 'ಕೃಷ್ಣ'ನಿಂದ. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದವು! 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಸಿಂಡರೆಲ್ಲಾ, ಸ್ನೋ ವೈಟ್ ಮುಂತಾದ ಪರದೇಶದ ಕಥೆಗಳನ್ನು ಕನ್ನಡದಲ್ಲಿ ತಂದರು. ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬೈಯಲ್ಲಿ ಅನಂತ ಪೈ ಅವರ ಕೈಯಲ್ಲಿ ಇಂಗ್ಲಿಷ್ ಸರಣಿ ಬೆಳೆದದ್ದು. ಕೊಳ್ಳುವವರು ಮಾತ್ರ ಇಂಗ್ಲಿಷ್ 'ಕೃಷ್ಣ'ನನ್ನೇ ಮೊದಲನೆಯವನೆಂದು ಹುಡುಕುತ್ತಾರೆ. ಕನ್ನಡವೇ ಮೊದಲು ಎಂದರೆ ನಗುತ್ತಾರೆ.

ಆದರೆ ನಮ್ಮ ಜಿಲ್ಲೆಗೆ ಈ ಲೆಕ್ಕವಷ್ಟೇ ಸಾಲದು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಂಥ ಕಾಲದಲ್ಲಿ ಧಾರವಾಡದಿಂದಲೋ ಮಂಗಳೂರಿನಿಂದಲೋ ಬಂದ ಮಕ್ಕಳ ಪದ್ಯದ ಪುಸ್ತಕ ನಾಲ್ಕನೆಯ ಮುದ್ರಣದ್ದಾದರೂ ಇಲ್ಲಿಯ ಹುಡುಗರಿಗೆ ಮೊದಲನೆಯದೇ. ಅದನ್ನು ಗುರುತಿಸಬೇಕಾದರೆ ಅಚ್ಚಿಗಿಂತ ಕೈಬರಹ ನೋಡಬೇಕು. ಉರ್ದುವಿನಲ್ಲಿ ಹುಡುಗನ ಹೆಸರಿರುತ್ತದೆ. ಫಸಲಿ ವರ್ಷವಿರುತ್ತದೆ, ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಬರುತ್ತದೆ. ಕೆಲವೊಮ್ಮೆ ಅಚ್ಚಾದ ಬೆಲೆಯ ಪಕ್ಕದಲ್ಲಿ ಪೆನ್ಸಿಲಿನ ಇನ್ನೊಂದು ಬೆಲೆ, ಕೊಂಚ ಹೆಚ್ಚಿನದು. ಅಂಗಡಿಯವನ ಲಾಭವೆಂದು ತಿಳಿಯಬೇಡಿ. ಅದು ನಿಜಾಮರ ಹಾಲಿ ಸಿಕ್ಕಾ: ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ.

ಇಂಥ ಹಾಳೆಗಳಿಗೇ ಈಗ ಕುತ್ತು. ಒಂದು ಗ್ರಂಥಾಲಯ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿಸುವಾಗ, ಗೀಚಿದ ಪುಟಗಳು ಹೊಲಸು ಕಾಣುತ್ತವೆಂದು ಕತ್ತರಿಸಿ ಎಸೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಲವತ್ತು ಪುಸ್ತಕಗಳಾದರೂ ಇದ್ದವು.

ಉಳಿದದ್ದು ಸಿಗುವುದು ಸಂತೆಗಳಲ್ಲಿ. ಔರಾದ ಗಡಿಯ ತಾಲೂಕಾದ್ದರಿಂದ ಅಲ್ಲಿ ಹಳೆಯ ಮರಾಠಿ ಪುಸ್ತಕಗಳೂ ಬರುತ್ತವೆ. ಅವುಗಳ ರಾಶಿಯಲ್ಲಿ ತಲೆಪುಟವಿಲ್ಲದ ಒಂದು ಕನ್ನಡ ಪದ್ಯದ ಪುಸ್ತಕ ಸಿಕ್ಕಿತು. ಒಳಗೆ ಫಸಲಿ 1352, ಅಂದರೆ 1942-43. ಒಂದೊಂದು ಕನ್ನಡ ಸಾಲಿನ ಕೆಳಗೂ ಅದರ ಉಚ್ಚಾರವನ್ನು ಹುಡುಗ ಉರ್ದು ಲಿಪಿಯಲ್ಲಿ ಬರೆದುಕೊಂಡಿದ್ದಾನೆ.

ಬೆಂಗಳೂರಿನ ಸಂಗ್ರಾಹಕರೊಬ್ಬರು ನೋಡಿ, ಬರಹ ಅಳಿಸಿಕೊಟ್ಟರೆ ಕೊಳ್ಳುತ್ತೇನೆಂದರು. ಕೊಡಲಿಲ್ಲ. ಬೀದರಿನ ಚೌಬಾರದ ಹತ್ತಿರ ಉರ್ದು ಮಾಸ್ತರರೊಬ್ಬರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಹುಡುಗನ ಹೆಸರಿನ ಮೊದಲರ್ಧ ಓದಿದರು. ಉಳಿದರ್ಧ ಹುಳ ತಿಂದಿದೆ.